ಅದನ್ನು ಏನಂತ ಕರೆಯೋದು

ಇದು ನನ್ನ ಚಿಕ್ಕಪ್ಪನ ಮಗಳು ರೂಪಶ್ರೀಗೆ ಆಗಿದ್ದು. ಹೋದ ಮಾರ್ಚ್‌ನಲ್ಲಿ, ಕಳಸದ ಹತ್ತಿರ ಸಂಸೆಯ ಅವಳ ಕಾಫಿ ತೋಟದಲ್ಲಿ.

ಬಾವಿಯ ಮೋಟಾರು ಹಾಕಿ, ಆಲದ ಮರ ದಾಟಿ ಒಬ್ಬಳೇ ಮನೆಗೆ ಬರುತ್ತಿದ್ದಳು. ರಾತ್ರಿ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಯಾಕೆ ಅಂದರೆ, ತ್ರೀ ಫೇಸ್ ಕರೆಂಟ್ ಬರುವುದೇ ಆಗ. ಕಾಫಿ ಮೊಗ್ಗಿಗೆ ಆ ವಾರದಲ್ಲೇ ನೀರು ಬೀಳಬೇಕು, ಇಲ್ಲದಿದ್ದರೆ ಒಣಗಿಬಿಡುತ್ತೆ, ವರ್ಷದ ಫಸಲಿಲ್ಲ. ಗಂಡ ಪ್ರಶಾಂತ್ ಕಾಲು ಮುರಿದುಕೊಂಡು ಮಲಗಿದ್ದ; ಒಂದು ಕಡೆ ನೆನೆದ ಮೇಲೆ ಸ್ಪ್ರಿಂಕ್ಲರಿನ ಪೈಪು ಬಿಚ್ಚಿ ಮುಂದಿನ ಜಾಗಕ್ಕೆ ಹೊತ್ತು ಜೋಡಿಸುವುದೂ ಅವಳೊಬ್ಬಳೇ. ಇದೆಲ್ಲ ಹೇಳದಿದ್ದರೆ ಅವಳ ಸಿಟ್ಟು ನಿಮಗೆ ಅರ್ಥವಾಗಲಿಕ್ಕಿಲ್ಲ.

ಐವತ್ತು ಹೆಜ್ಜೆ… ಹಿಂದೆ ‘ಟಕ್’. ಮೋಟಾರಿನ ‘ಗುಂಯ್’ ಇಳಿಯುತ್ತಾ ನಿಂತಿತು. ಸ್ಪ್ರಿಂಕ್ಲರು ‘ಚಿಕ್… ಚಿಕ್…’ ಅಂದು ಸುಮ್ಮನಾಯಿತು.

ವಾಪಸ್ ಹೋಗಿ ಹಸಿರು ಬಟನ್ ಒತ್ತಿದಳು. ಐವತ್ತು ಹೆಜ್ಜೆ. ಮತ್ತೆ ‘ಟಕ್’.

ಮೂರು ರಾತ್ರಿ ಇದೇ. ಕಳಸದಿಂದ ಮೆಕ್ಯಾನಿಕ್ ಸಫ್ದರ್ ಬಂದು ಸ್ಟಾರ್ಟರ್ ಬಿಚ್ಚಿ ನೋಡಿದ.

“ಮೋಟಾರು ಸರಿ ಇದೆ ಅಕ್ಕ,” ಅಂದ, ಮೆಲ್ಲಗೆ. “ಯಾರೋ ಕೆಂಪು ಬಟನ್ ಒತ್ತುತ್ತಿದ್ದಾರೆ. ಶೈತಾನ್ ಕೆಲಸ. ಮೌಲ್ವಿ ಕರೆಸಿ ದುವಾ ಓದಿಸಬೇಕು.”

ಅತ್ತೆ ದ್ಯಾವಮ್ಮ ಒಪ್ಪಲಿಲ್ಲ. “ಅದು ನಮ್ಮ ಭೂತ. ಕೋಳಿ ಕೇಳ್ತಿದೆ.”

“ಭೂತ ಆಗಿದ್ರೆ ತೋಟ ಕಾಯ್ತಿತ್ತು,” ಪಕ್ಕದ ತೋಟದ ಲಿಂಗಪ್ಪನವರ ತಕರಾರು. “ಇದು ಪಿಶಾಚಿ ಮಾರಾಯ್ತಿ. ಚಪ್ಪಲಿ ತೋರಿಸಿ, ಓಡುತ್ತೆ.”

“ಭೂತಕ್ಕೆ ಚಪ್ಪಲಿ ತೋರಿಸಿದ್ರೆ ಮನೆ ಉಳಿಯುತ್ತಾ?”

“ಪಿಶಾಚಿಗೆ ಕೋಳಿ ಕೊಟ್ರೆ ಬಿಟ್ಟು ಹೋಗುತ್ತಾ?”

“ದೊಡ್ಡವರು ತೀರ್ಮಾನ ಮಾಡಿ ಫೋನ್ ಮಾಡಿ,” ಅಂದು ಸಫ್ದರ್ ಬೈಕ್ ಹತ್ತಿದ.

ನಮ್ಮ ಕಡೆ ಹಾಗೆಯೇ. ಭೂತಕ್ಕೆ ಕೈಮುಗಿಯುತ್ತೇವೆ, ಪಿಶಾಚಿಯನ್ನು ಓಡಿಸುತ್ತೇವೆ. ಯಾವುದು ಅಂತ ಗೊತ್ತಾಗದೆ ಕೊಡುವಂತೆಯೂ ಇಲ್ಲ, ಬೈಯುವಂತೆಯೂ ಇಲ್ಲ. ಅವರು ಎರಡು ಗಂಟೆ ವಾದ ಮಾಡಿದರು. ಮೊಗ್ಗಿನ ತುದಿ ಕಂದಾಗತೊಡಗಿತ್ತು.

ನಾಲ್ಕನೇ ರಾತ್ರಿ ಅವಳು ಮನೆಗೆ ಹೋಗಲೇ ಇಲ್ಲ. ಮೋಟಾರು ಹಾಕಿ ಬಾವಿಕಟ್ಟೆಯ ಮೇಲೆ ಕೂತಳು.

“ನಿನ್ನನ್ನ ಏನಂತ ಕರೀಬೇಕೋ ನಂಗೆ ಗೊತ್ತಿಲ್ಲ,” ಪಿಸುಗುಟ್ಟಿದಳು. “ಯಾರಿಗೂ ಗೊತ್ತಿಲ್ಲ. ಪೈಪು ಎತ್ತಿ ಎತ್ತಿ ಸಾಕಾಗಿದೆ. ಇಲ್ಲಿ ಇರೋದಾದ್ರೆ ಕೆಲಸ ಮಾಡು. ಇಲ್ಲಾಂದ್ರೆ ನನ್ನ ಕೆಲಸಕ್ಕೆ ಅಡ್ಡ ಬರಬೇಡ.”

ಮೋಟಾರು ಗುಂಯ್‌ಗುಡುತ್ತಲೇ ಇತ್ತು. ಅವಳಿಗೆ ಅಲ್ಲೇ ನಿದ್ದೆ ಹತ್ತಿತು.

ಐದಕ್ಕೆ ಎಚ್ಚರವಾದಾಗ ‘ಚಿಕ್… ಚಿಕ್…’ ಸದ್ದು ಕೇಳಿದ್ದು ಗುಡ್ಡದ ಮೇಲಿನಿಂದ. ಅವಳು ಪೈಪು ಜೋಡಿಸಿದ್ದು ಕೆಳಗೆ, ಬಾವಿ ಪಕ್ಕ. ಇಡೀ ತೋಟ ನೆನೆದಿತ್ತು.

ನೀರು ಬಿದ್ದ ಒಂಬತ್ತನೇ ದಿನ ಹೂ ಬಂತು. ಆ ಕೆಲಸಕ್ಕೆ ಕೋಳಿ ಯಾರ ಹೆಸರಲ್ಲಿ ಕೊಡೋದು ಅಂತ ಅತ್ತೆಗೂ ಲಿಂಗಪ್ಪನವರಿಗೂ ಇವತ್ತಿಗೂ ಜಗಳ.

ನಡೆದದ್ದು ನಿಜ. ತೋಟ ನೆನೆದಿದ್ದ ಆ ಬೆಳಿಗ್ಗೆ ಅವಳು ಫೋನ್ ಮಾಡಿ ಕರೆಸಿದ್ದಳು, ಆ ಪೈಪುಗಳನ್ನು ನಾನೇ ನೋಡಿದ್ದೇನೆ. ಆ ಮನೆಯಲ್ಲಿ ಎಲ್ಲರೂ ಪೈಪಿಗೆ ಪೈಪು ಬಿಗಿಯುವ ಕ್ಲಾಂಪನ್ನು ಬಲಗಡೆಗೆ ತಿರುಗಿಸಿಯೇ ಹಾಕುವುದು. ಗುಡ್ಡದ ಮೇಲಿನ ಅಷ್ಟೂ ಕ್ಲಾಂಪುಗಳು ಎಡಗಡೆಗಿದ್ದವು.