ಟಿವಿ ಒಡೆಯುವವನ ಮೇಲೆ ಹೊಟ್ಟೆಕಿಚ್ಚು

ವಿಜಯಪುರದ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲೇ ನನಗೆ ಮುಖಪರಿಚಯವಿದ್ದ ಇಬ್ಬರು ಗೆಳೆಯರು ಕುಳಿತಿದ್ದರು. ಗಾಂಧಿ ಚೌಕದ ಅಂಗಡಿಯಲ್ಲಿ ಟಿವಿ, ಫ್ರಿಜ್ ಮಾರುವ ಸಾದಿಕ ಮುಖ ಗಂಟು ಹಾಕಿಕೊಂಡಿದ್ದ. ಸೋಮು ಶೇಂಗಾ ಸುಲಿಯುತ್ತಿದ್ದ. ಕೇಳಿಸಿಕೊಳ್ಳದಿರಲು ನಾನೇನು ಕಿವುಡನಲ್ಲ.

“ನಮ್ಮಾಕಿ ಲೈಬ್ರರಿಯಿಂದ ಒಂದ ಕಾದಂಬರಿ ತಂದಾಳಪಾ. ಅದರಾಗಿನ ಗಂಡಸಿಗೆ ಮಂದಿ ಬ್ಯಾಡ, ಸಾಮಾನ ಬ್ಯಾಡ. ಟಿವಿ ಒಡೀತಾನ, ಫ್ರಿಜ್ ಬಾವಿಗೆ ಹಾಕ್ತಾನ, ಖಾಲಿ ಮನಿಯಾಗ ಒಬ್ಬನ ಕುಂತ ನಗತಾನ,” ಎಂದ ಸಾದಿಕ.

“ಹುಚ್ಚ ಅದಾನೇನು?”

“ನಾನೂ ಹಂಗ ಅಂದೆ. ‘ಅಂವಗ ಧೈರ್ಯ ಐತಿ’ ಅಂದ್ಳು. ನನಗ ಒಮ್ಮೆರೆ ಹಂಗ ಅಂದಾಳೇನು? ಆಕೀ ಸಲುವಾಗಿ ಸೋಫಾ ತಂದೆ. ಅದರ ಮ್ಯಾಲ ಕುಂತ ಅವನ ಕತಿ ಓದತಾಳ!”

“ಲೇ ಸಾದಿಕ, ಅಂವ ಹಾಳಿ ಮ್ಯಾಲಿನ ಮನಷ್ಯಾ.”

“ಅದಕ್ಕ ಹೊಟ್ಟಿ ಉರೀತೈತಿ. ಖರೇ ಮನಷ್ಯಾ ಇದ್ರ ಹೋಗಿ ಬಡದ ಬರತಿದ್ದೆ. ದಿನಾ ಟಿವಿ ಮಾರಾಂವ ನಾನು. ಮನಿಗೆ ಹೋದ್ರ ಟಿವಿ ಒಡಿಯಾವನ ಸುದ್ದಿ!”

“ಹಂಗಾರ ನೀನೂ ಒಡಿ.”

“ನಿನ್ನೆ ಟಿವಿ ಎತ್ತಿದೆ. ಎರಡೂ ಕೈಲೆ, ತಲಿ ಮಟ.”

ಸೋಮು ಶೇಂಗಾ ಸುಲಿಯುವುದನ್ನು ನಿಲ್ಲಿಸಿದ. “ಭಾಬಿ ಏನಂದ್ರು?”

“ಪುಸ್ತಕದಿಂದ ಕಣ್ಣ ಎತ್ತಲಿಲ್ಲ. ‘ಹೆಂಗೂ ಎತ್ತೀರಿ, ಕೆಳಗಿನ ಧೂಳಾ ಒರಸಿ ಇಡ್ರಿ’ ಅಂದ್ಳು.”

ತಿಕೋಟಾ ಬಸ್ಸು ಬಂತು. ಇಬ್ಬರೂ ಎದ್ದರು.

“ಮತ್ತ, ಏನ ಮಾಡಿದಿ?”

“ಒರಸೋ ಬಟ್ಟಿ ಎಲ್ಲೈತಿ ಅಂತ ಕೇಳಿದೆ,” ಎಂದು ಸಾದಿಕ ಬಸ್ಸು ಹತ್ತಿದ.