ವಾಲಿದ ನೆಲ

ಬಾಳ್ಳುಪೇಟೆಯಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ನಡುವಯಸ್ಸಿನ ಗಂಡ ಹೆಂಡತಿ ಕೂತಿದ್ದರು. ಗಂಡ ತನ್ನ ಹೊಸ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡ.

“ಯಾಕ್ರೀ ತೆಗೆದ್ರಿ? ಹಾಕ್ಕಳಿ.”

“ಬೇಡ ಕಣೆ. ನೆಲ ಒಂದ್ಕಡೆ ವಾಲ್ದಂಗೆ ಕಾಣ್ತೈತೆ.”

“ನಿಮ್ಮ ಕಣ್‌ಗುಡ್ಡೆ ಸಮ ಇಲ್ಲ, ಈ ಗಾಜಿಗೆ ಹೊಂದ್ಕಳೋವರ್ಗೂ ಹಂಗೇ ಅಂದ್ರಲ್ಲ ಡಾಕ್ಟ್ರು.”

“ಅದು ಹುಡುಗನ ಮನೆಯೋರಿಗೇನ್ ಗೊತ್ತು? ನಮ್ ಮಗಳು ಶೋಭನ್ನ ನೋಡಾಕೆ ಬಂದೋರ ಮುಂದೆ ಇದನ್ನ ಹಾಕ್ಕಂಡು ತೂರಾಡಿ ಜಗಲಿಯಿಂದ ಬಿದ್ದೆ. ಹುಡುಗನ ತಾಯಿ ಮುಖ ತಿರುಗಿಸ್ಬುಟ್ರು.”

“ನೀವು ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆಯ್ತು.”

“ಬಿಟ್ಟಿದ್ದು ಯಾರ ಕಿವಿಗೂ ಬೀಳಲ್ಲ ಕಣೆ. ಕುಡೀತಿದ್ದಿದ್ದು ಮಾತ್ರ ಊರಿಗೆಲ್ಲ ಗೊತ್ತು.”

ಆಕೆ ತಲೆ ತಗ್ಗಿಸಿಕೊಂಡು ಹೇಳಿದಳು.

“ಅವತ್ತು ನಿಮ್ಮನ್ನ ಎತ್ತಾಕೆ ಬಗ್ಗಿದ್ನಲ್ಲ, ಆಗ ನಾನೂ ನಿಮ್ಮ ಬಾಯಿ ವಾಸನೆ ನೋಡ್ದೆ ಕಣ್ರೀ.”

“ಗೊತ್ತಾಯ್ತು ನಂಗೆ.”

“ತಪ್ಪಾಯ್ತು. ಈಗ ಕನ್ನಡಕ ಹಾಕ್ಕಂಡೇ ಹುಡುಗನ ಮನೆಗೆ ಬನ್ನಿ. ಯಾಕೆ ಬಿದ್ರಿ ಅಂತ ನಾನೇ ಹೇಳ್ತೀನಿ.”

ಮಗ್ಗೆ ಊರಿಗೆ ಹೋಗುವ ಬಸ್ಸು ಬಂತು. ಆತ ಕನ್ನಡಕ ಹಾಕಿಕೊಂಡು, ಮೆಟ್ಟಿಲನ್ನು ಕಾಲಿನಿಂದ ತಡಕಿದ. ಬಸ್ಸಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಆಕೆ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಹತ್ತಿಸಿದಳು.