ಬುಗುರಿ ಹಕ್ಕಿಗೆ ಇಬ್ಬರು ಸಾಕ್ಷಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಜಲಾಶಯದ ಎಂಜಿನಿಯರ್ ಸಾಹೇಬರೇ, ಈ ಸಮಾರಂಭದ ನಡುವಿನ ಕುರ್ಚಿಯಲ್ಲಿ ಕೂರಬೇಕಾಗಿದ್ದರೂ ಜಪ್ಪಯ್ಯ ಎಂದರೂ ಒಪ್ಪದೆ ತುದಿಯ ಕುರ್ಚಿ ಹಿಡಿದು ಕುಳಿತಿರುವ ಮೇಡಂ ಅವರೇ, ಪಕ್ಷಿವೀಕ್ಷಕರ ಸಂಘದ ಸದಸ್ಯರೇ, ಅವರ ಬಲವಂತಕ್ಕೆ ಬಂದಿರುವ ಮನೆಮಂದಿಯೇ, ಹಾಗೂ ಚಹಾ ಬಂತೇ ಎಂದು ಆಗಾಗ ಬಾಗಿಲ ಕಡೆ ನೋಡುತ್ತಿರುವ ಸಮಸ್ತ ಸಭಿಕರೇ,

ನಾನು ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯವನು. ಈ ಸಭಾಂಗಣದಲ್ಲಿ ಅರ್ಧದಷ್ಟು ಜನ ನನ್ನ ಮುಖವನ್ನು ಸ್ಪಷ್ಟವಾಗಿ ಕಾಣುತ್ತಿದ್ದರೆ ಅದಕ್ಕೆ ನಾನೇ ಹೊಣೆ. ಉಳಿದ ಅರ್ಧ ಜನ ದಯವಿಟ್ಟು ಒಮ್ಮೆ ಅಂಗಡಿಗೆ ಬನ್ನಿ. ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರು ನಿನ್ನೆ ನನ್ನನ್ನು ಕರೆದು, "ಬೀಳ್ಕೊಡುಗೆ ಭಾಷಣ ನೀವೇ ಮಾಡ್ಬೇಕು, ಆದ್ರೆ ಚುಟುಕಾಗಿ ಮಾಡಿ" ಎಂದರು. ಹಲ್ಲು ಕೀಳುವಾಗಲೂ ಅವರು ಹಾಗೇ ಹೇಳುತ್ತಾರೆ, ಚುಟುಕಾಗಿ ಮುಗಿಯುತ್ತದೆ ಎಂದು. ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಮಗಳು, "ಅಪ್ಪಾ, ಬರ್ಕೊಂಡಿದ್ದನ್ನ ಮಾತ್ರ ಓದು, ಎಲ್ಲೆಲ್ಲೋ ಹೋಗ್ಬೇಡ" ಎಂದು ಹೇಳಿ ಕರೆದುಕೊಂಡು ಬಂದಿದ್ದಾಳೆ. ಬರೆದುಕೊಂಡು ಬಂದಿದ್ದೇನೆ. ಜೇಬಿನಲ್ಲೇ ಇದೆ. ಅಲ್ಲೇ ಇರಲಿ ಬಿಡಿ.

ಮೇಡಂ ಅವರ ಪರಿಚಯ ಈ ಊರಿಗೆ ಬೇಕೇ? ನೀವು ಕುಡಿಯುವ ನೀರನ್ನು ಇಷ್ಟು ವರ್ಷ ಜಲಮಂಡಳಿಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, ಕುಡಿಯಬಹುದು ಎಂದು ಸಹಿ ಹಾಕಿದವರು ಅವರು. ಈಗ ನಿವೃತ್ತರಾಗಿದ್ದಾರೆ. ತಮ್ಮನ ಮನೆ ಇರುವ ಊರಿಗೆ ಹೊರಟಿದ್ದಾರೆ. ಆ ಊರಿನಲ್ಲಿ ಜಲಾಶಯವಿಲ್ಲ, ಕೆರೆಯಿಲ್ಲ, ಹೇಳಿಕೊಳ್ಳುವಂಥ ಒಂದು ಹೊಂಡವೂ ಇಲ್ಲ ಎಂದು ನಾನು ವಿಚಾರಿಸಿ ತಿಳಿದುಕೊಂಡಿದ್ದೇನೆ. ಯಾಕೆ ವಿಚಾರಿಸಿದೆ ಎಂದು ಕೇಳಬೇಡಿ. ಸಾಮಾನಿನ ಲಾರಿ ನಾಡಿದ್ದು ಬರುತ್ತದಂತೆ.

ಹೊಸಬರಿಗಾಗಿ ಒಂದು ಮಾತು ಹೇಳಬೇಕು. ಬೇಸಿಗೆ ಮುಗಿಯುತ್ತ ಬಂದಾಗ ನಮ್ಮ ಜಲಾಶಯದ ನೀರು ಕೆಳಗಿಳಿದು, ಏರಿಯ ಆಚೆ ಬದಿಯಲ್ಲಿ ಕೆಸರು ಬಯಲು ತೆರೆದುಕೊಳ್ಳುತ್ತದೆ. ಎಂಜಿನಿಯರ್ ಸಾಹೇಬರಿಗೆ ಅದು ಚಿಂತೆಯ ಕಾಲ, ನಮಗೆ ಸಂಭ್ರಮದ ಕಾಲ. ತೆಂಕಣದಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಮರಿ ಮಾಡಲು ಎಲ್ಲೋ ಉತ್ತರಕ್ಕೆ ಹೋಗುವ ದಾರಿಯಲ್ಲಿ ಆ ಕೆಸರಿಗೆ ಇಳಿಯುತ್ತವೆ. ನಾಲ್ಕು ದಿನ ಹೊಟ್ಟೆ ತುಂಬಿಸಿಕೊಂಡು ಹೊರಟುಹೋಗುತ್ತವೆ. ಬಹುಪಾಲು ಸಣ್ಣ ಹಕ್ಕಿಗಳು, ಬಹುಪಾಲು ಕಂದು ಬಣ್ಣ, ಎಲ್ಲವೂ ಅರ್ಧ ಗರಿ ಉದುರಿಸಿಕೊಂಡು ಒಂದೇ ಥರ ಕಾಣುತ್ತವೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಹರಸಾಹಸ. ಇದರಿಂದಾಗಿ ಗಂಡ ಹೆಂಡತಿ ಮಾತು ಬಿಟ್ಟದ್ದೂ ನಮ್ಮ ಸಂಘದಲ್ಲಿ ಉಂಟು. ಅವರು ಇಲ್ಲೇ ಇದ್ದಾರೆ, ಬೇರೆ ಬೇರೆ ಸಾಲಿನಲ್ಲಿ.

ಈ ಜಗಳ ತಾಳಲಾರದೆ ಸಂಘ ಒಂದು ನಿಯಮ ಮಾಡಿತು. ಒಬ್ಬರೇ ಕಂಡ ಹಕ್ಕಿ ಲೆಕ್ಕಕ್ಕಿಲ್ಲ. ಇಬ್ಬರು ನೋಡಬೇಕು, ಇಬ್ಬರೂ ತಮ್ಮ ತಮ್ಮ ದುರ್ಬೀನಿನಲ್ಲಿ ನೋಡಬೇಕು, ಇಬ್ಬರೂ ಬಾಯಿಬಿಟ್ಟು "ಕಂಡಿತು" ಎನ್ನಬೇಕು. ನಿಯಮ ಮಾಡಿದ್ದು ಎಲ್ಲರೂ. ಅದನ್ನು ಪಾಲಿಸಿದ್ದು ಮಾತ್ರ ಮೇಡಂ ಒಬ್ಬರೇ ಎಂದರೆ ನನ್ನ ಮೇಲೆ ಸಿಟ್ಟಾಗಬೇಡಿ.

ಅಧ್ಯಕ್ಷರು ಒಮ್ಮೆ ಬೋಳು ಮರದ ತುದಿಯಲ್ಲಿ ದೊಡ್ಡ ಹದ್ದನ್ನು ಕಂಡರು. ಸಂತೋಷದಿಂದ ಹದ್ದು ಹದ್ದು ಎಂದು ಕೂಗಿದರು. ಪಕ್ಕದಲ್ಲಿದ್ದವರೆಲ್ಲ ಹೌದು ಹೌದು, ಹದ್ದೇ ಎಂದರು. ಹಲ್ಲು ಎಲ್ಲರಿಗೂ ಇದೆ, ನಾಳೆ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಬೇಕಾದವರೇ. ಮೇಡಂ ನೋಡಿದರು. ನಿಧಾನವಾಗಿ ನೋಡಿದರು. "ಡಾಕ್ಟ್ರೇ, ಅದಕ್ಕೆ ಬಾಲಂಗೋಚಿ ಇದೆ. ಗಾಳಿಪಟ ಅದು" ಎಂದರು. ಅಷ್ಟೇ. ಮುಂದಿನ ವಾರ ಮೇಡಂ ಅವರದೇ ಒಂದು ಹಕ್ಕಿ ಇತ್ತು. ಬೆಳಗಾಗುವ ಹೊತ್ತಿಗೆ ಒಬ್ಬರೇ ಹೋಗಿ, ಜೀವಮಾನದಲ್ಲಿ ಒಮ್ಮೆ ಸಿಗುವಂಥದ್ದನ್ನು ಕಂಡಿದ್ದರು. ಪಟ್ಟಿಗೆ ಸೇರಿಸೋಣ ಎಂದು ನಾವೆಲ್ಲ ದುಂಬಾಲು ಬಿದ್ದೆವು. "ನಾನೊಬ್ಬಳೇ ನೋಡಿದ್ದು. ಬೇಡ" ಎಂದು ಚಹಾದ ಲೋಟ ತೊಳೆಯಲು ಹೋದರು.

ಇಂಥವರ ಜೊತೆ ಜೋಡಿಯಾಗಲು ಯಾರು ಮುಂದೆ ಬರುತ್ತಾರೆ? ಯಾರೂ ಬರಲಿಲ್ಲ. ನಾನು ಹೊಸದಾಗಿ ಸೇರಿದ್ದೆ, ನನಗೆ ಏನೂ ತಿಳಿಯದು, ನನ್ನನ್ನು ಅವರ ಪಕ್ಕಕ್ಕೆ ತಳ್ಳಿದರು. ಮೊದಲ ದಿನವೇ ಅವರು ಹೇಳಿದರು, "ನೋಡಿ ಕನ್ನಡಕದವ್ರೇ, ಕಾಣಿಸದಿದ್ರೆ ಕಾಣಿಸ್ಲಿಲ್ಲ ಅನ್ನಿ. ನನಗೆ ಬೇಜಾರಾಗಲ್ಲ." ನನ್ನ ಹೆಸರು ಅವರಿಗೆ ಗೊತ್ತು. ಆದರೂ ಇವತ್ತಿನವರೆಗೂ ಕನ್ನಡಕದವರೇ ಎಂದೇ ಕರೆಯುತ್ತಾರೆ. ನನಗೂ ಈಗ ಹೆಸರಿಗಿಂತ ಅದೇ ಒಗ್ಗಿಹೋಗಿದೆ.

ನಾನು ಮಾತುಗಾರ. ಅವರು ಮೌನಿ. ನನ್ನ ಹೆಂಡತಿ ಇದ್ದಾಗ ಫ್ಲಾಸ್ಕಿಗೆ ಚಹಾ ತುಂಬಿಸುತ್ತ ನಗುತ್ತಿದ್ದಳು. "ನೀವು ಬಾಯಿ ಮುಚ್ಚಲ್ಲ, ಅವ್ರು ಬಾಯಿ ತೆಗೆಯಲ್ಲ. ಹಕ್ಕಿಗಳು ಪಾಪ ಏನ್ಮಾಡ್ತವೆ?" ಎನ್ನುತ್ತಿದ್ದಳು. ಅವಳಿಗೆ ಮೇಡಂ ಎಂದರೆ ಅಚ್ಚುಮೆಚ್ಚು. ಅವರಿಗೆ ಚೌಕದ ಫ್ರೇಮು ಒಪ್ಪುವುದಿಲ್ಲ, ದುಂಡಗಿನದು ಕೊಡಿ ಎಂದು ಆರಿಸಿಕೊಟ್ಟವಳೇ ಅವಳು. ಇವತ್ತು ಅವರ ಮುಖದ ಮೇಲಿರುವುದು ಅದೇ ಫ್ರೇಮು, ಗಾಜು ಮಾತ್ರ ಆಗಾಗ ಬದಲಾಗಿದೆ. ಅವಳು ಆಸ್ಪತ್ರೆಯಲ್ಲಿದ್ದಾಗ ಮೇಡಂ ದಿನಾ ಕೆಲಸ ಮುಗಿಸಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಕಿಟಕಿಯ ಹೊರಗೆ ಯಾವ ಹಕ್ಕಿ ಕೂಗಿತು ಎಂದು ಅವಳು ಕೇಳಿದರೆ ಹೇಳುತ್ತಿದ್ದರು. ಅವಳು ಹೋದಳು. ಆ ವರ್ಷ ನಾನು ಏರಿಯ ಕಡೆ ಹೋಗಲಿಲ್ಲ. ಅಂಗಡಿ, ಮನೆ, ಅಂಗಡಿ. ಜನರ ಕಣ್ಣಿನ ನಂಬರು ನೋಡುತ್ತಿದ್ದೆ, ಜನರನ್ನು ನೋಡುತ್ತಿರಲಿಲ್ಲ.

ಮಗಳು ಕೈಸನ್ನೆ ಮಾಡುತ್ತಿದ್ದಾಳೆ. ಆಯಿತು ತಾಯಿ, ವಿಷಯಕ್ಕೆ ಬರುತ್ತೇನೆ.

ಮರುವರ್ಷದ ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಮೇಡಂ ಅಂಗಡಿಯ ಮುಂದೆ ಬಂದು ನಿಂತರು. "ನೀರು ಇಳಿದಿದೆ. ಬನ್ನಿ" ಎಂದರು. ಕರೆದದ್ದು ಅಷ್ಟೇ. ಶಟರ್ ಎಳೆದು ಹೊರಟೆ. ಏರಿಯಿಂದ ಕೆಸರಿನ ಕಡೆ ಇಳಿಯುವಾಗ ಮೇಡಂ ಕಾಲು ಜಾರಿ ಬಿದ್ದರು. ಮೊಣಕಾಲುದ್ದ ನೀರು, ಪೆಟ್ಟೇನೂ ಆಗಲಿಲ್ಲ, ಕೊರಳಿನ ದುರ್ಬೀನು ಮಾತ್ರ ಮುಳುಗಿ ಎದ್ದಿತು. ಕೈಹಿಡಿದು ಎಬ್ಬಿಸಿದೆ. ಸೆರಗಿನಿಂದ ದುರ್ಬೀನು ಒರೆಸಿಕೊಂಡರು. ಬಿಸಿಲು ಏರಿತು. ಮತ್ತೆ ಕುಳಿತೆವು.

ಆಗ ನಾನು ಕಂಡೆ. ದೂರದ ನೀರಿನಲ್ಲಿ ಬೂದು ಬಿಳಿ ಬಣ್ಣದ ಪುಟ್ಟ ಹಕ್ಕಿಯೊಂದು ಕುಳಿತಲ್ಲೇ ಬುಗುರಿಯ ಹಾಗೆ ಗಿರ ಗಿರ ತಿರುಗುತ್ತಿತ್ತು. ತಿರುಗುವುದು, ಕೊಕ್ಕು ಅದ್ದುವುದು, ಮತ್ತೆ ತಿರುಗುವುದು. ನಡುಗಡಲಿನಲ್ಲಿ ಇರಬೇಕಾದ ಹಕ್ಕಿ ಅದು, ದಾರಿ ತಪ್ಪಿ ನಮ್ಮ ನೀರಿಗೆ ಬಂದಿತ್ತು. ಸಭಿಕರೇ, ಒಂದು ವರ್ಷದಿಂದ ನನ್ನ ಬಾಯಿಂದ ಜೋರಾದ ಮಾತೇ ಬಂದಿರಲಿಲ್ಲ. ಆವತ್ತು ಕೂಗಿಬಿಟ್ಟೆ. ಮಕ್ಕಳ ಹಾಗೆ ಅವರ ತೋಳು ಹಿಡಿದು ಅಲ್ಲಾಡಿಸಿದೆ. ಅದೋ ಅಲ್ಲಿ, ಕಪ್ಪು ಬಂಡೆಯ ಬಲಕ್ಕೆ ಎಂದೆ. ನನ್ನ ದುರ್ಬೀನು ಕೊಡಲೇ ಎಂದರೆ ಬೇಡ ಎಂದರು. ತಮ್ಮದನ್ನು ಕಣ್ಣಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಇಳಿಸಿದರು. ನನ್ನ ಮುಖ ನೋಡಿದರು. "ಹೌದು. ಕಂಡಿತು" ಎಂದರು.

ಆ ಹಕ್ಕಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಈ ಜಲಾಶಯದಲ್ಲಿ ಮೊದಲ ಸಲ ಕಂಡದ್ದು. ಸಂಘದ ಹೆಮ್ಮೆ. ಅಧ್ಯಕ್ಷರ ಬೆನ್ನ ಹಿಂದಿನ ಬ್ಯಾನರಿನಲ್ಲಿ ಇರುವುದು, ನಿಮ್ಮ ಟೋಪಿಗಳ ಮೇಲೆ ಇರುವುದು ಅದೇ ಬುಗುರಿ ಹಕ್ಕಿ.

ಆವತ್ತು ಸಂಜೆ ಮೇಡಂ ದುರ್ಬೀನನ್ನು ಚೊಕ್ಕಟ ಮಾಡಿಕೊಡಿ ಎಂದು ಅಂಗಡಿಯಲ್ಲಿ ಬಿಟ್ಟುಹೋದರು. ಬಿಚ್ಚುವ ಮೊದಲು ಒಮ್ಮೆ ಕಣ್ಣಿಗೆ ಹಿಡಿಯುವುದು ನಮ್ಮ ಕಸುಬಿನ ಪದ್ಧತಿ. ಎದುರಿಗಿರುವ ಬಸ್ಸಿನ ಬೋರ್ಡು ಓದೋಣ ಎಂದು ಹಿಡಿದೆ. ಬೋರ್ಡಿಲ್ಲ. ಬಸ್ಸೇ ಇಲ್ಲ. ಒಳಗೆ ನೀರು ಹೋಗಿ, ಬಿಸಿಲಿಗೆ ಹಬೆಯಾಗಿ, ಎರಡೂ ಕೊಳವೆಯ ಗಾಜಿಗೆ ಒಳಗಿನಿಂದ ಕವಿದುಕೊಂಡಿತ್ತು. ಹಾಲಿನೊಳಗೆ ಕಣ್ಣು ತೆರೆದ ಹಾಗೆ, ಬರೀ ಬಿಳುಪು. ಅದರಲ್ಲಿ ಬುಗುರಿ ಹಕ್ಕಿಯಲ್ಲ, ಆನೆ ತಿರುಗಿದ್ದರೂ ಕಾಣುತ್ತಿರಲಿಲ್ಲ.

ಅಯ್ಯೋ. ಇದನ್ನು ಹೇಳಬೇಕೆಂದು ಬಂದವನಲ್ಲ ನಾನು.

ಅಧ್ಯಕ್ಷರೇ, ದಯವಿಟ್ಟು ಬ್ಯಾನರಿನ ಕಡೆ ಹಾಗೆ ನೋಡಬೇಡಿ. ಹಕ್ಕಿ ಇತ್ತು, ನನ್ನಾಣೆಗೂ ಇತ್ತು. ಇಬ್ಬರು ಕಂಡಿಲ್ಲ ಎಂದು ಪಟ್ಟಿಯಿಂದ ತೆಗೆಯುವುದಾದರೆ ತೆಗೆಯಿರಿ, ಟೋಪಿಗಳನ್ನು ಏನು ಮಾಡುವುದೆಂದು ಆಮೇಲೆ ಯೋಚಿಸೋಣ. ನನ್ನ ಪ್ರಶ್ನೆ ಬೇರೆ. ಅಧ್ಯಕ್ಷರ ಹದ್ದಿಗೆ ಒಪ್ಪದವರು, ತಮ್ಮ ಸ್ವಂತ ಹಕ್ಕಿಯನ್ನೇ ಬಿಟ್ಟುಕೊಟ್ಟವರು, ಊರಿನ ನೀರಿಗೆ ಒಂದು ದಿನವೂ ಸುಳ್ಳು ಸಹಿ ಹಾಕದವರು, ಆವತ್ತು ಬಿಳುಪನ್ನು ಅಷ್ಟು ಹೊತ್ತು ನೋಡಿ, ನನ್ನ ಮುಖ ನೋಡಿ, ಕಂಡಿತು ಎಂದರಲ್ಲ. ಏನು ಕಂಡಿತು?

ಹಬೆ ಒಣಗಿಸಿ, ಗಾಜು ಒರೆಸಿ, ಮರುದಿನ ಕೊಟ್ಟೆ. "ಒಳಗೆ ನೀರು ಹೋಗಿತ್ತಾ?" ಎಂದರು. "ಸ್ವಲ್ಪ" ಎಂದೆ. "ಓ" ಎಂದರು. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇದುವರೆಗೆ ನಡೆದ ಮಾತುಕತೆ ಇಷ್ಟೇ. ಆಮೇಲೆ ಎಷ್ಟೋ ಬೇಸಿಗೆಗಳು ಬಂದವು. ಪ್ರತಿ ಸಲ ನೀರು ಇಳಿದಾಗ ಅವರು ಅಂಗಡಿಯ ಮುಂದೆ ನಿಂತು "ಬನ್ನಿ" ಎನ್ನುತ್ತಾರೆ, ನಾನು ಶಟರ್ ಎಳೆಯುತ್ತೇನೆ. ಮೊದಮೊದಲು ಹಕ್ಕಿಗೆಂದು ಹೋಗುತ್ತಿದ್ದೆ. ಈಗ ಯಾಕೆ ಹೋಗುತ್ತೇನೆಂದು ಮೂರನೆಯ ಸಾಲಿನಲ್ಲಿರುವವಳಿಗೆ ನನಗಿಂತ ಮೊದಲೇ ಗೊತ್ತಾಗಿದೆ. "ಅಪ್ಪಾ, ಅವ್ರಿಗೆ ಹೇಳು. ಸುಮ್ನೆ ಫ್ಲಾಸ್ಕ್ ಹಿಡ್ಕೊಂಡು ಎಷ್ಟು ವರ್ಷ ಓಡಾಡ್ತೀಯ?" ಎಂದು ಹೋದ ವಾರ ಕೇಳಿದಳು. ಇಷ್ಟು ಮಾತಾಡುವ ನನಗೆ ಆ ಒಂದು ಮಾತಿಗೆ ನಾಲಿಗೆ ಏಳಲಿಲ್ಲ. ಅಂಗಡಿಯಲ್ಲಿ ಆಗಲಿಲ್ಲ, ಏರಿಯ ಮೇಲೆ ಆಗಲಿಲ್ಲ. ಕೊನೆಗೆ ಇಲ್ಲಿ, ಮೈಕಿನ ಮುಂದೆ, ಎಲ್ಲರೆದುರು ಆಗುತ್ತಿದೆ ನೋಡಿ. ನಗಬೇಡಿ. ನಗಿ, ಪರವಾಗಿಲ್ಲ.

ಮೇಡಂ, ನೀವು ಹೋಗುವುದು ನನಗೆ ಇಷ್ಟವಿಲ್ಲ. ಸಂಘದ ಪರವಾಗಿ ಹೇಳುತ್ತಿರುವ ಮಾತಲ್ಲ ಇದು. ನಿಮ್ಮ ತಮ್ಮನ ಮನೆಯಲ್ಲಿ ನಿಮಗೊಂದು ಕೋಣೆ ಇರಬಹುದು, ಒಳ್ಳೆಯ ಕೋಣೆಯೇ ಇರಬಹುದು. ನನ್ನ ಮನೆ ಏರಿಯಿಂದ ಕೂಗಳತೆಯಲ್ಲಿದೆ. ಅಲ್ಲಿ ಒಬ್ಬ ಬಾಯಿಬಡುಕ ಇದ್ದಾನೆ ಎನ್ನುವುದು ಒಂದೇ ಕೊರತೆ. ಲಾರಿಯವನಿಗೆ ಬರಬೇಡ ಎನ್ನಲು ನಾಳೆ ಪೂರ್ತಿ ಸಮಯವಿದೆ. ಉಳಿಯಿರಿ. ನನ್ನ ಜೊತೆ ಉಳಿಯಿರಿ.

ನನ್ನ ನಂತರ ನೀವು ಮಾತನಾಡಬೇಕು ಎಂದು ಕಾರ್ಯಕ್ರಮದಲ್ಲಿದೆ. ಸಂಘಕ್ಕೆ ಹೇಳಬೇಕಾದದ್ದನ್ನು ಮೈಕಿನಲ್ಲಿ ಹೇಳಿ. ನನಗೆ ಹೇಳುವುದನ್ನು ಮೈಕಿನಲ್ಲಿ ಹೇಳಬೇಡಿ, ಇಲ್ಲ ಎನ್ನುವುದಾದರೆ ಅದನ್ನು ಕೇಳಲು ಇಷ್ಟೊಂದು ಜನ ಬೇಡ. ಏರಿಯ ಮೇಲೆ ಹೇಳಿ, ಅಂಗಡಿಯಲ್ಲಿ ಹೇಳಿ, ನಿಮಗೆ ಅನುಕೂಲವಾದಾಗ ಹೇಳಿ. ನಾಡಿದ್ದಿಗೆ ಮುಂಚೆ ಹೇಳಿ.

ಈಗ ನೀವು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೀರಿ. ಒರೆಸುತ್ತಲೇ ಇದ್ದೀರಿ. ಅದರಲ್ಲಿ ಧೂಳಿಲ್ಲ ಮೇಡಂ. ಇವತ್ತು ಬೆಳಿಗ್ಗೆ ತಾನೇ ನಾನೇ ಚೊಕ್ಕಟ ಮಾಡಿಕೊಟ್ಟಿದ್ದೇನೆ.

ಅಧ್ಯಕ್ಷರೇ, ಚುಟುಕಾಗಿ ಮುಗಿಸಲಾಗಲಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ಹೊತ್ತು ಚಹಾವನ್ನೂ ಮರೆತು ಕೇಳಿದ ನಿಮಗೆಲ್ಲ ನನ್ನ ಧನ್ಯವಾದಗಳು. ನಮಸ್ಕಾರ.